ಕಿಡ್ನಿ ರೋಗಿಯ ತಟ್ಟೆ: ಕರುಳಿನ ಸೂಕ್ಷ್ಮಾಣುಗಳು ಮತ್ತು ನಮ್ಮ ಅಡುಗೆಮನೆ

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಂಥ ಬಡಾವಣೆಯಲ್ಲಿ ಹೋಟೆಲ್ ನಡೆಸುವವರಿಗೆ ಒಂದು ಬಗೆಯ ಗಿರಾಕಿಯ ಪರಿಚಯ ಇದ್ದೇ ಇರುತ್ತದೆ. ಇಡ್ಲಿ ಕೇಳುತ್ತಾರೆ, ಚಟ್ನಿ ಬೇಡ ಎನ್ನುತ್ತಾರೆ. ಸಾಂಬಾರನ್ನು ಬೇರೆ ಬಟ್ಟಲಲ್ಲಿ ತರಿಸಿಕೊಂಡು ಎರಡು ಚಮಚ ಮಾತ್ರ ಹಾಕಿಕೊಳ್ಳುತ್ತಾರೆ. ಮಾಣಿ ಇಟ್ಟ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸುತ್ತಾರೆ. ಜೊತೆಗೆ ಬಂದವರ ಕೈಯಲ್ಲಿ ಆಸ್ಪತ್ರೆಯ ಫೈಲು ಇರುತ್ತದೆ. ಇವರು ಮೂತ್ರಪಿಂಡದ, ಅಂದರೆ ಕಿಡ್ನಿಯ ಕಾಯಿಲೆಯವರು. "ಇವರಿಗೆ ಏನು ಕೊಟ್ಟರೆ ಆದೀತು?" ಎಂದು ಅಡುಗೆ ಭಟ್ಟರು ಕೇಳಿದರೆ ನಮ್ಮಲ್ಲಿ ಬಹುಪಾಲು ಮಾಲೀಕರ ಉತ್ತರ ಒಂದೇ: "ಉಪ್ಪು ಕಡಿಮೆ ಮಾಡಿ." ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಇನ್ನರ್ಧ ಕಳೆದ ಹದಿನೈದು ವರ್ಷಗಳಲ್ಲಿ ಬೆಳಕಿಗೆ ಬಂದಿದೆ. ಅದು ನಮ್ಮ ಇಡ್ಲಿ ಹಿಟ್ಟಿನ ಪಾತ್ರೆಗೆ ಬಹಳ ಹತ್ತಿರದ ಸಂಗತಿಯಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಉದ್ದಾನಂನಿಂದ ಬರುವವರು

ವಿಶಾಖಪಟ್ಟಣಕ್ಕೆ ಇಷ್ಟೊಂದು ಕಿಡ್ನಿ ರೋಗಿಗಳು ಬರುವುದಕ್ಕೆ ಕಾರಣವಿದೆ. ಉತ್ತರಕ್ಕೆ ಶ್ರೀಕಾಕುಳಂ ಜಿಲ್ಲೆಯ ಕರಾವಳಿಯಲ್ಲಿ ಉದ್ದಾನಂ ಎಂಬ ಪ್ರದೇಶವಿದೆ. ಕವಿಟಿ, ಸೋಂಪೇಟ, ಕಂಚಿಲಿ, ಇಚ್ಛಾಪುರಂ, ಮಂದಸ, ಪಲಾಸ, ವಜ್ರಪುಕೊತ್ತೂರು ಮಂಡಲಗಳ ಊರುಗಳು ಇದರಲ್ಲಿ ಸೇರುತ್ತವೆ. ತೆಂಗು, ಗೋಡಂಬಿ, ಹಲಸು ಬೆಳೆಯುವ ಹಸಿರು ನೆಲ. ನಮ್ಮ ದಕ್ಷಿಣ ಕನ್ನಡದವರು ನೋಡಿದರೆ ಊರಿನ ನೆನಪಾಗುವಂಥ ಜಾಗ. ಆದರೆ ಅಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಯಾವುದೂ ಇಲ್ಲದ ತೋಟದ ಕೂಲಿಕಾರರಿಗೂ ಕಿಡ್ನಿ ಸೋಲುತ್ತದೆ. 2019ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ 2,210 ಮಂದಿಯನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 18 ಜನರಲ್ಲಿ ಕಿಡ್ನಿಯ ಕೆಲಸ ಕುಗ್ಗಿರುವುದು ಕಂಡುಬಂತು. ನೀರು, ಬಿಸಿಲಿನ ದುಡಿಮೆ, ಕೀಟನಾಶಕ, ನೋವಿನ ಮಾತ್ರೆ, ವಂಶವಾಹಿ ಎಲ್ಲವನ್ನೂ ವೈದ್ಯರು ಶಂಕಿಸಿದ್ದಾರೆ. ಯಾವುದೂ ಒಂಟಿಯಾಗಿ ಸಾಬೀತಾಗಿಲ್ಲ.

ಪಲಾಸದಲ್ಲಿ 200 ಹಾಸಿಗೆಯ ಕಿಡ್ನಿ ಆಸ್ಪತ್ರೆ ಮತ್ತು ಸಂಶೋಧನಾ ಕೇಂದ್ರ 2023ರ ಡಿಸೆಂಬರ್ 14ರಂದು ಉದ್ಘಾಟನೆಯಾಯಿತು. ಹಿರಮಂಡಲಂ ಜಲಾಶಯದಿಂದ ಆ ಊರುಗಳಿಗೆ ಕುಡಿಯುವ ನೀರು ತರುವ ಯೋಜನೆಗೂ ಅಂದೇ ಚಾಲನೆ ಸಿಕ್ಕಿತು. ಆದರೂ ದೊಡ್ಡ ಆಸ್ಪತ್ರೆ ಎಂದರೆ ಆ ಕಡೆಯವರಿಗೆ ಇಂದಿಗೂ ವಿಶಾಖಪಟ್ಟಣವೇ. 1923ರಿಂದ ನಡೆಯುತ್ತಿರುವ ಕಿಂಗ್ ಜಾರ್ಜ್ ಆಸ್ಪತ್ರೆಯನ್ನು ನಂಬಿ ಬರುವವರ ಜೊತೆಗೆ ಒಬ್ಬರಿಬ್ಬರು ಮನೆಯವರೂ ಬರುತ್ತಾರೆ, ನೆಂಟರ ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ಉಳಿಯುತ್ತಾರೆ, ಹೊರಗೆ ಊಟ ಮಾಡುತ್ತಾರೆ. ವಿಜಯವಾಡದ ನಮ್ಮವರಿಗೂ ಇದು ದೂರದ ಕಥೆಯಲ್ಲ. ಎನ್‌ಟಿಆರ್ ಜಿಲ್ಲೆಯ ಎ. ಕೊಂಡೂರು ಮಂಡಲದ ತಾಂಡಾಗಳಲ್ಲೂ ಇದೇ ಕಾಯಿಲೆ ಇದೆ.

ಹಿಟ್ಟಿನ ಪಾತ್ರೆ ಎಂಬ ಕರುಳು

ಸೂಕ್ಷ್ಮಾಣು ಎಂದರೆ ಏನೆಂದು ಹೋಟೆಲಿನವನಿಗೆ ಹೇಳಿಕೊಡಬೇಕಾಗಿಲ್ಲ. ರಾತ್ರಿ ರುಬ್ಬಿಟ್ಟ ಉದ್ದು–ಅಕ್ಕಿ ಬೆಳಿಗ್ಗೆ ಉಬ್ಬಿ ಬರುವುದು ಸೂಕ್ಷ್ಮಾಣುಗಳಿಂದಲೇ. ಅದೇ ಪಾತ್ರೆ, ಅದೇ ಹಿಟ್ಟು. ಹದ ಸರಿಯಿದ್ದರೆ ಒಳ್ಳೆಯ ಹುಳಿ, ಹದ ತಪ್ಪಿದರೆ ಮೂಗು ಮುಚ್ಚುವ ವಾಸನೆ. ಒಳಗೆ ಯಾವ ಸೂಕ್ಷ್ಮಾಣು ಬೆಳೆಯಿತು, ಅದಕ್ಕೆ ತಿನ್ನಲು ಏನು ಸಿಕ್ಕಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ನಮ್ಮ ದೊಡ್ಡ ಕರುಳೂ ಅಂಥದೇ ಒಂದು ಪಾತ್ರೆ. ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಹೆಚ್ಚಿನವು ಇರುವುದು ಅಲ್ಲೇ. ನಾವು ಅರಗಿಸಿಕೊಳ್ಳಲಾಗದ್ದು ಅವುಗಳ ಪಾಲು. ಕಾಯಿಪಲ್ಲೆ, ಕಾಳು, ತೌಡುಳ್ಳ ಧಾನ್ಯದ ನಾರು ಅಲ್ಲಿಗೆ ತಲುಪಿದರೆ ಅವು ಅದನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ಮಾಡುತ್ತವೆ. ಕರುಳಿನ ಒಳಗೋಡೆಯ ಕೋಶಗಳಿಗೆ ಅದೇ ಆಹಾರ. ನಾರು ಸಿಗದೆ ಅರಗದ ಪ್ರೋಟೀನು ಮಾತ್ರ ಸಿಕ್ಕರೆ ಅವು ಅದನ್ನೇ ಒಡೆಯುತ್ತವೆ. ಟ್ರಿಪ್ಟೊಫಾನ್ ಎಂಬ ಅಂಶದಿಂದ ಇಂಡೋಲ್ ಹುಟ್ಟುತ್ತದೆ, ಟೈರೋಸಿನ್‌ನಿಂದ ಕ್ರೆಸಾಲ್ ಹುಟ್ಟುತ್ತದೆ. ಇವು ರಕ್ತಕ್ಕೆ ಸೇರಿ ಯಕೃತ್ತಿನಲ್ಲಿ ಹಾಗೂ ಕರುಳಿನ ಗೋಡೆಯಲ್ಲಿ ಇಂಡಾಕ್ಸಿಲ್ ಸಲ್ಫೇಟ್, ಪಿ-ಕ್ರೆಸಿಲ್ ಸಲ್ಫೇಟ್ ಎಂಬ ರೂಪ ತಾಳುತ್ತವೆ. ಮೊಟ್ಟೆಯ ಹಳದಿ, ಕೆಂಪು ಮಾಂಸದ ಕೆಲವು ಅಂಶಗಳಿಂದ ಟಿಎಂಎಒ ಎಂಬ ಇನ್ನೊಂದು ಕಶ್ಮಲವೂ ಇದೇ ದಾರಿಯಲ್ಲಿ ಬರುತ್ತದೆ.

ಕಿಡ್ನಿ ಸರಿಯಿದ್ದವರಿಗೆ ಇದೆಲ್ಲ ಲೆಕ್ಕಕ್ಕಿಲ್ಲ, ಮೂತ್ರದಲ್ಲಿ ಹೋಗಿಬಿಡುತ್ತದೆ. ಕಿಡ್ನಿ ಸೋತವರಲ್ಲಿ ಅದು ರಕ್ತದಲ್ಲೇ ಉಳಿದು ರಕ್ತನಾಳಕ್ಕೂ, ಉಳಿದಿರುವ ಅಷ್ಟಿಷ್ಟು ಕಿಡ್ನಿಗೂ ಪೆಟ್ಟು ಕೊಡುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಡಯಾಲಿಸಿಸ್ ಮಾಡಿಸಿದರೆ ತೊಳೆದುಹೋಗುವುದಿಲ್ಲವೇ ಎಂದು ಕೇಳಬಹುದು. ಇಂಡಾಕ್ಸಿಲ್, ಕ್ರೆಸಿಲ್ ಎರಡೂ ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುತ್ತವೆ. ಯಂತ್ರದ ಜರಡಿಯಲ್ಲಿ ಹೆಚ್ಚಿನ ಪಾಲು ಹಾಗೇ ಉಳಿಯುತ್ತದೆ. ಅದರ ಮೇಲೆ ಇನ್ನೊಂದು ತೊಡಕು: ರಕ್ತದಲ್ಲಿ ಹೆಚ್ಚಾದ ಯೂರಿಯಾ ಕರುಳಿಗೂ ಇಳಿಯುತ್ತದೆ, ಅಲ್ಲಿಯ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಅಮೋನಿಯಾ ಮಾಡುತ್ತವೆ, ಅಮೋನಿಯಾದಿಂದ ಕರುಳಿನ ಗೋಡೆ ಸಡಿಲವಾಗುತ್ತದೆ. ಒಳಗಿನ ಕೊಳೆ ರಕ್ತಕ್ಕೆ ಸೋರಲು ಬಾಗಿಲು ತೆರೆದಂತೆ.

ಇದೆಲ್ಲ ಕರುಳಿನಿಂದಲೇ ಬರುತ್ತದೆ ಎನ್ನುವುದಕ್ಕೆ ಪುರಾವೆ ಏನು? 2011ರಲ್ಲಿ ಅಮೆರಿಕದ ಸಂಶೋಧಕರು ಡಯಾಲಿಸಿಸ್‌ನಲ್ಲಿದ್ದ ಎರಡು ಬಗೆಯ ರೋಗಿಗಳ ರಕ್ತವನ್ನು ಹೋಲಿಸಿದರು. ಒಂದು ಗುಂಪಿನವರಿಗೆ ದೊಡ್ಡ ಕರುಳು ಇತ್ತು, ಇನ್ನೊಂದು ಗುಂಪಿನವರಿಗೆ ಬೇರೆ ಕಾಯಿಲೆಗಾಗಿ ಅದನ್ನು ತೆಗೆದುಹಾಕಲಾಗಿತ್ತು. ಕರುಳಿಲ್ಲದವರ ರಕ್ತದಲ್ಲಿ ಈ ಎರಡು ಸಲ್ಫೇಟುಗಳು ಹೆಚ್ಚುಕಡಿಮೆ ಇರಲೇ ಇಲ್ಲ. ಇಷ್ಟು ನೇರವಾದ ಸಾಕ್ಷಿ ವೈದ್ಯಶಾಸ್ತ್ರದಲ್ಲಿ ಅಪರೂಪ.

ಊಟ ಬದಲಿಸಿದರೆ ಈ ವಿಷ ತಗ್ಗುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಡಯಾಲಿಸಿಸ್ ರೋಗಿಗಳಿಗೆ ಆರು ವಾರ ಕಾಲ ಅರಗದ ಜೋಳದ ಪಿಷ್ಟವನ್ನು ತಿನ್ನಿಸಿದಾಗ, ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಇಂಡಾಕ್ಸಿಲ್ ಸಲ್ಫೇಟ್ ಇಳಿಯಿತು. 2020ರಲ್ಲಿ ಹಾರ್ವರ್ಡ್ ವಿಜ್ಞಾನಿಗಳು ಕಿಡ್ನಿ ಕೆಟ್ಟ ಇಲಿಗಳಿಗೆ ಗಂಧಕವುಳ್ಳ ಅಮೈನೋ ಆಮ್ಲ ಹೆಚ್ಚಿರುವ ಆಹಾರ ಕೊಟ್ಟು ನೋಡಿದರು. ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಇಂಡೋಲ್ ತಯಾರಿಸುವ ಕಿಣ್ವವೇ ತಡೆಯಲ್ಪಟ್ಟಿತು, ಇಲಿಗಳ ಕಿಡ್ನಿ ಸುಧಾರಿಸಿತು. ಬ್ಯಾಕ್ಟೀರಿಯಾವನ್ನು ಕೊಲ್ಲದೆ, ಊಟದಿಂದಲೇ ಅದರ ಕೆಲಸ ಬದಲಿಸಬಹುದು ಎಂಬುದು ಇದರ ವಿಶೇಷ. ಹಾಗೆಂದು ನಾಳೆಯೇ "ಬೆಳ್ಳುಳ್ಳಿಯಲ್ಲಿ ಗಂಧಕವಿದೆ, ಬೆಳ್ಳುಳ್ಳಿ ಸಾರು ಕಿಡ್ನಿಗೆ ಒಳ್ಳೆಯದು" ಎಂದು ಬೋರ್ಡು ಬರೆಯಬೇಡಿ. ಅದು ಇಲಿಯ ಪ್ರಯೋಗ.

ಇನ್ನೊಂದು ಎಚ್ಚರಿಕೆಯೂ ಬೇಕು. ಕರುಳಿನಲ್ಲೇ ಈ ಕೊಳೆಯನ್ನು ಹೀರಿಕೊಳ್ಳುವ ಇದ್ದಿಲಿನ ಔಷಧವನ್ನು ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಿಡ್ನಿ ಸೋಲುವುದನ್ನು ಅದು ತಡೆಯಲಿಲ್ಲ. ಆದ್ದರಿಂದ ಊಟದಿಂದ ಕಾಯಿಲೆ ವಾಸಿಯಾಗುತ್ತದೆ ಎಂದು ಯಾರೂ ಹೇಳುತ್ತಿಲ್ಲ. ರೋಗಿಯ ಮೇಲಿನ ಹೊರೆಯನ್ನು ಹೆಚ್ಚಿಸಬೇಡಿ ಎಂದು ಮಾತ್ರ ಹೇಳುತ್ತಿದ್ದಾರೆ.

ಗಂಟು ಬಿದ್ದಿರುವುದು ಇಲ್ಲಿ

ನಾರು ಒಳ್ಳೆಯದು ಎಂದಾದರೆ ಸೊಪ್ಪು, ಹಣ್ಣು, ಕಾಳು ಧಾರಾಳವಾಗಿ ಕೊಡಬಹುದಲ್ಲ? ಕೊಡಲು ಬರುವುದಿಲ್ಲ. ಅವುಗಳಲ್ಲೇ ಪೊಟ್ಯಾಸಿಯಂ ಇದೆ. ಕಿಡ್ನಿ ಅದನ್ನು ಹೊರಹಾಕದಿದ್ದರೆ ರಕ್ತದಲ್ಲಿ ಏರಿ ಹೃದಯದ ಬಡಿತವೇ ನಿಲ್ಲಬಹುದು. ಹೀಗಾಗಿ ರೋಗಿಗಳು ಹೆದರಿ ಎಲ್ಲ ತರಕಾರಿಯನ್ನೂ ಬಿಟ್ಟು ಬಿಳಿ ಅನ್ನ, ಬ್ರೆಡ್ಡಿಗೆ ಇಳಿಯುತ್ತಾರೆ. ನೀರೂ ಮಿತ, ನಾರೂ ಇಲ್ಲ. ಮಲಬದ್ಧತೆ ಬರುತ್ತದೆ. ಕರುಳಿನಲ್ಲಿ ಉಳಿದಷ್ಟು ಹೊತ್ತೂ ಪ್ರೋಟೀನು ಕೊಳೆಯುತ್ತದೆ, ಇಂಡೋಲ್ ಹೆಚ್ಚುತ್ತದೆ.

ಕಿಡ್ನಿ ರೋಗಕ್ಕಾಗಿ 2024ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಸಸ್ಯಾಹಾರವನ್ನು ಮಾಂಸಾಹಾರಕ್ಕಿಂತ ಹೆಚ್ಚಿಸಿ ಎನ್ನುತ್ತದೆ, ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು ಎನ್ನುತ್ತದೆ, ಕಾಯಿಲೆ ಮುಂದುವರಿದವರಿಗೆ ದೇಹದ ತೂಕದ ಕಿಲೋಗೆ 0.8 ಗ್ರಾಂ ಪ್ರೋಟೀನು ಸಾಕು ಎನ್ನುತ್ತದೆ. ಆದರೆ ಡಯಾಲಿಸಿಸ್ ಶುರುವಾದವರಿಗೆ ಲೆಕ್ಕ ತಿರುಗುತ್ತದೆ. ಅವರಿಗೆ ಕಿಲೋಗೆ 1 ಗ್ರಾಂನಿಂದ 1.2 ಗ್ರಾಂ ಬೇಕು. ಅಂದರೆ ಒಬ್ಬ ರೋಗಿಗೆ ಬೇಳೆ ಕಡಿಮೆ, ಪಕ್ಕದ ಮೇಜಿನ ರೋಗಿಗೆ ಹೆಚ್ಚು. ಮುಖ ನೋಡಿ ಹೇಳಲು ನಮ್ಮಿಂದ ಸಾಧ್ಯವಿಲ್ಲ. ಪ್ರಮಾಣ ಹೇಳುವುದು ವೈದ್ಯರ ಕೆಲಸ. ಅವರು ಹೇಳಿದ್ದನ್ನು ಗಿರಾಕಿ ಕೇಳಿದಾಗ ಹಾಗೆಯೇ ಕೊಡುವುದು ನಮ್ಮ ಕೆಲಸ.

ಸಸ್ಯಾಹಾರಿ ಹೋಟೆಲಿನವರಿಗೆ ಇದರಲ್ಲಿ ಒಂದು ಸಮಾಧಾನವೂ ಇದೆ. ಬೇಳೆಕಾಳಿನ ರಂಜಕದಲ್ಲಿ ಬಹಳಷ್ಟು ಮೈಗೆ ಸೇರುವುದಿಲ್ಲ. 2011ರಲ್ಲಿ ಒಂಬತ್ತು ರೋಗಿಗಳ ಮೇಲೆ ನಡೆದ ಪುಟ್ಟ ಪ್ರಯೋಗದಲ್ಲಿ, ಪ್ರೋಟೀನು ಮತ್ತು ರಂಜಕ ಸಮಾನವಾಗಿದ್ದ ಎರಡು ಊಟಗಳಲ್ಲಿ ಸಸ್ಯಾಹಾರ ತಿಂದ ವಾರ ರಕ್ತದ ರಂಜಕ ಕಡಿಮೆ ಇತ್ತು. ಅದೇ ಕೋಲಾ, ಸಂಸ್ಕರಿಸಿದ ಚೀಸ್, ಬೇಕಿಂಗ್ ಪೌಡರ್‌ನಲ್ಲಿ ಸೇರಿಸುವ ಫಾಸ್ಫೇಟ್ ಬಹುಪಾಲು ನೇರ ರಕ್ತಕ್ಕೆ ಹೋಗುತ್ತದೆ.

ಅಡುಗೆಮನೆಯಲ್ಲಿ ಏನು ಮಾಡಬಹುದು

ಮೊದಲು ಆಲೂಗಡ್ಡೆ. ಮಸಾಲೆ ದೋಸೆಯ ಪಲ್ಯಕ್ಕೆ ನಾವೆಲ್ಲ ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಇಡಿಯಾಗಿ ಬೇಯಿಸುತ್ತೇವೆ. ರುಚಿಗೆ ಅದೇ ಸರಿ. ಆದರೆ ಪೊಟ್ಯಾಸಿಯಂ ಪೂರ್ತಿ ಒಳಗೇ ಉಳಿಯುತ್ತದೆ. ಹೆಚ್ಚಿ ರಾತ್ರಿಯಿಡೀ ನೀರಿನಲ್ಲಿ ನೆನೆಸಿದರೆ ಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. 2008ರಲ್ಲಿ ಅಮೆರಿಕದಲ್ಲಿ ಅಳೆದು ನೋಡಿದಾಗ ಬರೀ ನೆನೆಸುವುದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಚೌಕವಾಗಿ ಹೆಚ್ಚಿ ಬೇಯಿಸಿದಾಗ ಅರ್ಧದಷ್ಟು, ತುರಿದು ಬೇಯಿಸಿದಾಗ ಮುಕ್ಕಾಲು ಪಾಲು ಹೋಗಿತ್ತು. ಆದ್ದರಿಂದ ಸೂತ್ರ ಇಷ್ಟೇ: ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ. ಕುಕ್ಕರಿನಲ್ಲಿ ಸ್ವಲ್ಪ ನೀರಿಗೆ ಮೂರು ಸೀಟಿ ಹಾಕಿಸಿ ಆ ನೀರನ್ನೇ ಸಾಂಬಾರಿಗೆ ಸುರಿಯುವ ನಮ್ಮ ಪದ್ಧತಿ ಇದಕ್ಕೆ ನೇರ ವಿರುದ್ಧ. ಸಾಂಬಾರಿನಲ್ಲಿ ಬೇಳೆ, ತರಕಾರಿ, ಟೊಮೆಟೊ, ಹುಣಸೆ ಯಾವುದರ ಪೊಟ್ಯಾಸಿಯಮ್ಮೂ ಹೊರಹೋಗುವುದಿಲ್ಲ. ಫೈಲು ಹಿಡಿದು ಬಂದ ಗಿರಾಕಿ ಸಾಂಬಾರಿಗೆ ಹೆದರುವುದು ಸುಮ್ಮನೆ ಅಲ್ಲ.

ಅದರ ಬದಲು ಬಸಿದ ತರಕಾರಿಯ ಒಂದು ಒಣ ಪಲ್ಯ ಇಟ್ಟುಕೊಳ್ಳಬಹುದು. ಎಂವಿಪಿ ಕಾಲೋನಿಯ ರೈತು ಬಜಾರಿನಲ್ಲಿ ಸೋರೆಕಾಯಿ, ಹೀರೇಕಾಯಿ, ಪಡವಲಕಾಯಿ, ಎಲೆಕೋಸಿಗೆ ಬರವಿಲ್ಲ. ವೈದ್ಯರು ಸಾಮಾನ್ಯವಾಗಿ ಒಪ್ಪುವ ತರಕಾರಿಗಳು ಇವೇ. ಹೆಚ್ಚಿ ಬೇಯಿಸಿ ಬಸಿದು, ಸಾಸಿವೆ–ಕರಿಬೇವಿನ ಒಗ್ಗರಣೆ, ಚಿಟಿಕೆ ಉಪ್ಪು. ನಾರೂ ಸಿಕ್ಕಿತು, ಪೊಟ್ಯಾಸಿಯಮ್ಮೂ ಇಳಿಯಿತು. ಒಂದು ಸಣ್ಣ ಬಾಣಲೆ ಸಾಕು. ಉಳಿದರೆ ಉಪ್ಪು ಸೇರಿಸಿ ಮಧ್ಯಾಹ್ನದ ಊಟಕ್ಕೆ ಬಡಿಸಬಹುದು, ನಷ್ಟವಿಲ್ಲ.

ಅನ್ನದ ವಿಷಯದಲ್ಲಿ ಆಂಧ್ರದವರ ಚದ್ದನ್ನಂ, ನಮ್ಮ ತಂಗಳನ್ನ ಎರಡಕ್ಕೂ ಈಗ ಮರ್ಯಾದೆ ಬಂದಿದೆ. ಬೆಂದ ಅನ್ನ ತಣಿದಾಗ ಪಿಷ್ಟದ ಒಂದು ಪಾಲು ಅರಗದ ಪಿಷ್ಟವಾಗಿ ಬದಲಾಗುತ್ತದೆ, ನಾರಿನಂತೆಯೇ ದೊಡ್ಡ ಕರುಳಿಗೆ ಇಳಿಯುತ್ತದೆ. 2015ರ ಒಂದು ಅಳತೆಯಲ್ಲಿ ಬಿಸಿ ಅನ್ನದ ನೂರು ಗ್ರಾಂನಲ್ಲಿ ಇದು 0.64 ಗ್ರಾಂ ಇತ್ತು. ಫ್ರಿಜ್‌ನಲ್ಲಿ 24 ಗಂಟೆ ಇಟ್ಟು ಮತ್ತೆ ಬಿಸಿ ಮಾಡಿದ ಅನ್ನದಲ್ಲಿ 1.65 ಗ್ರಾಂ ಆಯಿತು. ದೊಡ್ಡ ಮೊತ್ತವಲ್ಲ, ಆದರೆ ಖರ್ಚೂ ಇಲ್ಲ. ಚಿತ್ರಾನ್ನ ಮಾಡುವವರಿಗೆ ಇದು ಸುಲಭ. ಒಂದು ಮಾತು ಮಾತ್ರ ಮರೆಯಬಾರದು: ಅನ್ನವನ್ನು ಗಂಟೆಗಟ್ಟಲೆ ಹೊರಗೆ ಬಿಟ್ಟರೆ ಬೇಯಿಸಿದರೂ ನಾಶವಾಗದ ವಿಷ ಮಾಡುವ ಬ್ಯಾಸಿಲಸ್ ಬೆಳೆಯುತ್ತದೆ. ಕರಾವಳಿಯ ಸೆಕೆಯಲ್ಲಿ ಕೇಳಲೇಬೇಡಿ. ಅಗಲ ತಟ್ಟೆಯಲ್ಲಿ ಹರವಿ, ಬೇಗ ತಣಿಸಿ, ಫ್ರಿಜ್‌ಗೆ ಸೇರಿಸಿ. ಅಷ್ಟು ವ್ಯವಸ್ಥೆ ಇಲ್ಲದವರು ಈ ಸಾಹಸಕ್ಕೆ ಇಳಿಯಬಾರದು.

ಇಡ್ಲಿಯ ಸೂಕ್ಷ್ಮಾಣುಗಳು ಕರುಳಿಗೆ ಒಳ್ಳೆಯದಲ್ಲವೇ ಎಂದು ಕೆಲವರು ಕೇಳುತ್ತಾರೆ. ಹಬೆಯಲ್ಲಿ ಅವು ಸತ್ತಿರುತ್ತವೆ. ಹುದುಗಿದ ಹಿಟ್ಟಿನ ಲಾಭ ಬೇರೆ ಕಡೆ ಇದೆ: ಚೆನ್ನಾಗಿ ಹುದುಗಿದರೆ ಸೋಡ ಬೇಕಾಗುವುದಿಲ್ಲ. ಅಡುಗೆ ಸೋಡದ ಒಂದು ಟೀ ಚಮಚದಲ್ಲಿ ಸುಮಾರು 1.2 ಗ್ರಾಂ ಸೋಡಿಯಂ ಇದೆ, ಅಂದರೆ 3 ಗ್ರಾಂ ಉಪ್ಪಿಗೆ ಸಮ. ದಿಢೀರ್ ರವೆ ಇಡ್ಲಿ, ಬೋಂಡ, ಆಂಧ್ರದಲ್ಲಿ ಮೈಸೂರು ಬಜ್ಜಿ ಎಂದು ಹೆಸರಾಗಿರುವ ನಮ್ಮ ಗೋಳಿಬಜೆ, ಇವಕ್ಕೆಲ್ಲ ಸೋಡ ಬೀಳುತ್ತದೆ. ನಾಲಿಗೆಗೆ ಉಪ್ಪೆನಿಸದ ಕಾರಣ ಗಿರಾಕಿಗೆ ಗೊತ್ತಾಗುವುದಿಲ್ಲ. ಹಪ್ಪಳದ ಖಾರವೂ ಅಂಥದೇ. ಇಡ್ಲಿ ಹಿಟ್ಟಿಗೆ ಉಪ್ಪನ್ನು ರಾತ್ರಿ ಹಾಕುವ ಬದಲು ಬೆಳಿಗ್ಗೆ ಹಾಕಿದರೆ, ಒಂದು ಸಣ್ಣ ಪಾತ್ರೆಯಷ್ಟು ಹಿಟ್ಟನ್ನು ಉಪ್ಪಿಲ್ಲದೆ ತೆಗೆದಿಡಬಹುದು. ಸೆಕೆಯ ಊರಿನಲ್ಲಿ ಅದು ಉಪ್ಪಿಲ್ಲದೆಯೇ ಉಬ್ಬುತ್ತದೆ.

ಸಾಂಬಾರಿನ ಲೆಕ್ಕ ನೋಡಿ. ನೂರು ಮಿಲಿಗೆ ಒಂದು ಗ್ರಾಂ ಉಪ್ಪು ಬಿದ್ದಿದ್ದರೆ ಎರಡು ಸಲ ಬಡಿಸಿದ ಇನ್ನೂರು ಮಿಲಿಯಲ್ಲಿ ಎರಡು ಗ್ರಾಂ. ಇಡೀ ದಿನದ ಐದು ಗ್ರಾಂನಲ್ಲಿ ತಿಂಡಿಯ ಹೊತ್ತಿಗೇ ಎರಡು ಮುಗಿಯಿತು. ಚಟ್ನಿ, ಉಪ್ಪಿನಕಾಯಿಯ ಮಾತು ಇನ್ನೂ ಬಂದಿಲ್ಲ. ಮಾಣಿಗೆ ಕೇಳದೆ ಸುರಿಯುವ ಅಭ್ಯಾಸ ಬಿಡಿಸಿದರೆ ಅರ್ಧ ಕೆಲಸ ಮುಗಿದಂತೆ. ನೀರಿಗೂ ಇದೇ ಮಾತು. ಡಯಾಲಿಸಿಸ್‌ನವರಿಗೆ ಸಾರು, ಮಜ್ಜಿಗೆ, ಕಾಫಿ ಎಲ್ಲವೂ ನೀರಿನ ಲೆಕ್ಕಕ್ಕೇ ಸೇರುತ್ತವೆ. ಬೈ-ಟು ಕಾಫಿ ಕೇಳಿದವರನ್ನು ಜಿಪುಣರೆಂದು ನೋಡುವುದು ಬೇಡ.

ಒಳ್ಳೆಯ ಮನಸ್ಸಿನ ಅಪಾಯಗಳು

ನಮ್ಮ ಉಪಚಾರವೇ ಅಪಾಯವಾಗುವ ಸಂದರ್ಭಗಳಿವೆ. "ಪಾಪ, ಆಸ್ಪತ್ರೆಯಿಂದ ಬಂದಿದ್ದಾರೆ" ಎಂದು ಎಳನೀರು ಕೊಡುವುದು ಮೊದಲನೆಯದು. ನೂರು ಮಿಲಿ ಎಳನೀರಿನಲ್ಲಿ 200ರಿಂದ 250 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ತೆಂಗಿನ ನಾಡಾದ ಉದ್ದಾನಂನ ರೋಗಿಗೆ ಎಳನೀರೇ ಬೇಡವಾಗಿರುವುದು ವಿಧಿಯ ಕುಹಕ.

ಎರಡನೆಯದು ಇದಕ್ಕಿಂತ ಗಂಭೀರ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪನ್ನು ತಂದು "ನಮ್ಮಲ್ಲಿ ಆರೋಗ್ಯದ ಉಪ್ಪು" ಎಂದು ಬಳಸುವವರು ಇರಬಹುದು. ಅದರಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ಸೇರಿಸುವುದು ಪೊಟ್ಯಾಸಿಯಂ ಕ್ಲೋರೈಡನ್ನು. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪನ್ನು ಸಾಮಾನ್ಯ ವಯಸ್ಕರ ಮನೆಬಳಕೆಗೆ ಶಿಫಾರಸು ಮಾಡಿದಾಗ ಕಿಡ್ನಿ ಕಾಯಿಲೆಯವರನ್ನು, ಮಕ್ಕಳನ್ನು, ಗರ್ಭಿಣಿಯರನ್ನು ಹೊರಗಿಟ್ಟಿತು. ಹೋಟೆಲಿನ ಅಡುಗೆಗೂ ಆ ಶಿಫಾರಸು ಅನ್ವಯಿಸುವುದಿಲ್ಲ. ಯಾರು ತಿನ್ನುತ್ತಾರೆ ಎಂದು ಗೊತ್ತಿಲ್ಲದ ಕಡೆ ಆ ಉಪ್ಪು ಬೇಡ. ಇದರಲ್ಲಿ ಎರಡು ಮಾತಿಲ್ಲ.

ಮೂರನೆಯದು ಬೋರ್ಡು. "ಕಿಡ್ನಿ ಸ್ಪೆಷಲ್ ಥಾಲಿ" ಎಂದು ಬರೆದರೆ ವ್ಯಾಪಾರ ಏರೀತು ಎಂಬ ಆಸೆ ಸಹಜ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ನಿಯಮಗಳ ಪ್ರಕಾರ ಆಹಾರ ಕಾಯಿಲೆಯನ್ನು ತಡೆಯುತ್ತದೆ, ಗುಣಪಡಿಸುತ್ತದೆ ಎಂದು ಹೇಳುವಂತಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಮೇಲೆ ಹೇಳಿದಂತೆ ಎಲ್ಲ ಕಿಡ್ನಿ ರೋಗಿಗಳಿಗೂ ಹೊಂದುವ ಒಂದು ಥಾಲಿ ಎಂಬುದೇ ಇಲ್ಲ. "ಉಪ್ಪು, ಸೋಡ ಇಲ್ಲದ ಇಡ್ಲಿ ಕೇಳಿದರೆ ಸಿಗುತ್ತದೆ", "ತರಕಾರಿ ಬಸಿದು ಮಾಡಿದ ಪಲ್ಯ" ಎಂದು ನಿಜವಾದ ವಿವರವನ್ನಷ್ಟೇ ತೆಲುಗಿನಲ್ಲಿ ಬರೆಸಿ. ತಿಳಿದವರು ಕೇಳುತ್ತಾರೆ. ಪಲ್ಯಕ್ಕೆ ಏನೇನು ಹಾಕಿದ್ದೀರಿ ಎಂದು ಅವರು ವಿಚಾರಿಸಿದಾಗ ಗಲ್ಲಾದಲ್ಲಿ ಕುಳಿತವರು ಒಳಗೆ ಭಟ್ಟರನ್ನು ಕೇಳಿ ಸರಿಯಾಗಿ ಉತ್ತರಿಸಬೇಕು. ಅಂದಾಜಿನ ಮೇಲೆ ಹೇಳಬಾರದು.

ಊರಿನಿಂದ ಸಾಮಾನು ತರಿಸುವ ಕರಾವಳಿಯ ಸದಸ್ಯರಿಗೆ ಕೊನೆಯದಾಗಿ ಒಂದು ವಿಷಯ. ಧಾರೆಹುಳಿ, ಬಿಂಬುಳಿ ಎರಡೂ ನಮ್ಮ ಉಪ್ಪಿನಕಾಯಿ, ಗೊಜ್ಜುಗಳಲ್ಲಿ ಬಳಕೆಯಲ್ಲಿವೆ. ಧಾರೆಹುಳಿಯಲ್ಲಿ ಮಿದುಳಿಗೆ ತಟ್ಟುವ ವಿಷವಿದೆ. ಸರಿಯಿದ್ದ ಕಿಡ್ನಿ ಅದನ್ನು ಹೊರಹಾಕುತ್ತದೆ, ಸೋತ ಕಿಡ್ನಿಯಿಂದ ಆಗುವುದಿಲ್ಲ. ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್, ಸಾವು ಕೂಡ ದಾಖಲಾಗಿವೆ. ಬಿಂಬುಳಿಯ ರಸವನ್ನು ಕೊಲೆಸ್ಟರಾಲ್‌ಗೆ ಮನೆಮದ್ದೆಂದು ಕುಡಿದ ಹತ್ತು ಮಂದಿಗೆ ಅದರ ಆಕ್ಸಲೇಟ್‌ನಿಂದ ಕಿಡ್ನಿ ಕೆಟ್ಟಿದ್ದನ್ನು ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದ್ದಾರೆ. ಇವೆರಡರ ಉಪ್ಪಿನಕಾಯಿ ಬಡಿಸುವವರು ಬಟ್ಟಲಿನ ಮುಂದೆ ಹೆಸರು ಬರೆದಿಡಿ, ಫೈಲು ಹಿಡಿದವರ ಮೇಜಿಗೆ ಒಯ್ಯಬೇಡಿ.